ಮದ್ರಾಸ್ ಐ ಪತ್ತೆಗೆ ಹತ್ತು ನಿಮಿಷದ ಕಿಟ್ ಪರೀಕ್ಷೆ: ಮಾಡುವ ಕ್ರಮ ಮತ್ತು ಫಲಿತಾಂಶ ಓದುವ ಬಗೆ

ಕಣ್ಣು ಕೆಂಪಾಗಿದೆ, ನೀರು ಸುರಿಯುತ್ತಿದೆ, ಬೆಳಿಗ್ಗೆ ಏಳುವಾಗ ರೆಪ್ಪೆಗಳು ಅಂಟಿಕೊಂಡಿರುತ್ತವೆ ಎಂದು ಹೇಳಿಕೊಂಡು ಬರುವ ರೋಗಿಯ ವಿಷಯದಲ್ಲಿ ವೈದ್ಯರು ಮುಖ್ಯವಾಗಿ ಎರಡು ಸಂಗತಿಗಳನ್ನು ತೀರ್ಮಾನಿಸಬೇಕಾಗುತ್ತದೆ. ಇವರಿಗೆ ಆ್ಯಂಟಿಬಯಾಟಿಕ್ ಹನಿ ಬೇಕೇ ಎಂಬುದು ಒಂದು. ಇವರನ್ನು ಎಷ್ಟು ದಿನ ಮನೆಯಲ್ಲಿರಿಸಬೇಕು ಎಂಬುದು ಇನ್ನೊಂದು. ಜನ ಮದ್ರಾಸ್ ಐ ಎಂದು ಕರೆಯುವ, ವೈರಸ್ಸಿನಿಂದ ಬಂದ ಕಣ್ಣುಬೇನೆಗೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಆದರೆ ಅದು ಬ್ಯಾಕ್ಟೀರಿಯಾದ ಬೇನೆಗಿಂತ ವೇಗವಾಗಿ ಮನೆಮಂದಿಗೆಲ್ಲ ಹರಡುತ್ತದೆ. ಎರಡನ್ನೂ ಬರಿಗಣ್ಣಿನಿಂದ ಖಚಿತವಾಗಿ ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ಈ ಕಷ್ಟವನ್ನು ಕಡಿಮೆ ಮಾಡಲೆಂದೇ ಬಂದದ್ದು ಕಣ್ಣೀರಿನಲ್ಲಿ ಅಡಿನೋವೈರಸ್ಸನ್ನು ಹುಡುಕುವ ತ್ವರಿತ ಪರೀಕ್ಷಾ ಕಿಟ್.

ನಮ್ಮ ಹೆಚ್ಚಿನ ಚಿಕಿತ್ಸಾಲಯಗಳಲ್ಲಿ ಈ ಪರೀಕ್ಷೆ ಇನ್ನೂ ವಾಡಿಕೆಗೆ ಬಂದಿಲ್ಲ. ಅಮೆರಿಕ, ಜಪಾನ್‌ಗಳಲ್ಲಿ ಅದು ಹಲವು ವರ್ಷಗಳಿಂದ ಬಳಕೆಯಲ್ಲಿದೆ. ಕಿಟ್ ಕೈಗೆ ಬಂದಾಗ ಅದನ್ನು ಹೇಗೆ ಬಳಸಬೇಕು ಎಂಬುದರಷ್ಟೇ, ಅದು ಕೊಟ್ಟ ಉತ್ತರವನ್ನು ಎಲ್ಲಿಯವರೆಗೆ ನಂಬಬೇಕು ಎಂಬುದೂ ತಿಳಿದಿರಬೇಕು. ವೈದ್ಯರು, ಶುಶ್ರೂಷಕರು, ನೇತ್ರಾಧಿಕಾರಿಗಳು ಮತ್ತು ಆಪ್ಟೋಮೆಟ್ರಿಸ್ಟರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹ ಸಿದ್ಧವಾಗಿದೆ. ರೋಗಿಗಳೂ ಮನೆಯವರೂ ಓದಿದರೆ ತಪ್ಪೇನಿಲ್ಲ, ಆದರೆ ಮನೆಯಲ್ಲಿ ತಾವೇ ಮಾಡಿಕೊಳ್ಳುವ ಪರೀಕ್ಷೆ ಇದಲ್ಲ.

ಕಿಟ್ ಹುಡುಕುವುದು ಏನನ್ನು?

ವೈರಸ್ಸಿನಿಂದ ಬರುವ ಕಣ್ಣುಬೇನೆಗಳಲ್ಲಿ ಬಹುಪಾಲಿಗೆ ಅಡಿನೋವೈರಸ್ ಕಾರಣ. ಅದರಲ್ಲಿ ಐವತ್ತಕ್ಕೂ ಹೆಚ್ಚು ಬಗೆಗಳಿವೆ. ಮಕ್ಕಳಲ್ಲಿ ಜ್ವರ, ಗಂಟಲುನೋವುಗಳ ಜೊತೆಗೆ ಕಣ್ಣು ಕೆಂಪಾಗುವುದು ಸಾಮಾನ್ಯವಾಗಿ 3, 4, 7ನೇ ಬಗೆಗಳಿಂದ. ಕಾರ್ನಿಯಾಕ್ಕೂ (ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೂ) ಹಬ್ಬಿ ವಾರಗಟ್ಟಲೆ ಕಾಡುವ ತೀವ್ರ ಸ್ವರೂಪದ ಬೇನೆ 8, 37 ಮುಂತಾದ ಬಗೆಗಳಿಂದ. ಬಗೆಗಳು ಎಷ್ಟೇ ಇದ್ದರೂ ಈ ವೈರಸ್ಸಿನ ಹೊರಕವಚದಲ್ಲಿ ಹೆಕ್ಸಾನ್ ಎಂಬ ಪ್ರೋಟೀನು ಇದ್ದೇ ಇರುತ್ತದೆ, ಮತ್ತು ಅದರ ಕೆಲವು ಭಾಗಗಳು ಎಲ್ಲ ಬಗೆಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಕಿಟ್‌ನಲ್ಲಿರುವ ಪ್ರತಿಕಾಯಗಳು ಅಂಟಿಕೊಳ್ಳುವುದು ಈ ಸಮಾನ ಭಾಗಕ್ಕೆ. ಕೋವಿಡ್ ಕಾಲದಲ್ಲಿ ಎಲ್ಲರೂ ನೋಡಿದ ರ‍್ಯಾಪಿಡ್ ಆ್ಯಂಟಿಜೆನ್ ಪಟ್ಟಿಯಂತೆಯೇ ಇದರ ಕೆಲಸ: ದ್ರವವು ಪಟ್ಟಿಯುದ್ದಕ್ಕೂ ಏರುತ್ತ ಹೋಗುತ್ತದೆ, ಪ್ರೋಟೀನು ಸಿಕ್ಕರೆ ಬಣ್ಣದ ಗೆರೆ ಮೂಡುತ್ತದೆ.

ಇದರಿಂದಲೇ ಕಿಟ್‌ನ ಮಿತಿಯೂ ಗೊತ್ತಾಗುತ್ತದೆ. ಅದು ಅಡಿನೋವೈರಸ್ಸನ್ನು ಬಿಟ್ಟು ಬೇರೆ ಯಾವುದನ್ನೂ ಕಾಣುವುದಿಲ್ಲ. ಎಂಟೆರೋವೈರಸ್, ಕಾಕ್ಸಾಕಿವೈರಸ್, ಹರ್ಪಿಸ್, ಬ್ಯಾಕ್ಟೀರಿಯಾ, ಅಲರ್ಜಿ ಇವೆಲ್ಲಕ್ಕೂ ಅದು ಕೊಡುವ ಉತ್ತರ ‘ನೆಗೆಟಿವ್’ ಎಂಬ ಒಂದೇ ಪದ. ಆ ಪದಕ್ಕೆ ‘ಇಲ್ಲಿ ಅಡಿನೋವೈರಸ್ ಸಿಗಲಿಲ್ಲ’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಇದನ್ನು ‘ವೈರಸ್ ಇಲ್ಲ’ ಎಂದೋ ‘ಅಂಟುರೋಗವಲ್ಲ’ ಎಂದೋ ಓದಿಬಿಡುವುದೇ ಈ ಪರೀಕ್ಷೆಯ ಸುತ್ತ ನಡೆಯುವ ಅತಿ ದೊಡ್ಡ ತಪ್ಪು.

ಮೊದಲು ರೋಗಿಯನ್ನು ನೋಡಿ

ಕಿಟ್ ತೆರೆಯುವ ಮೊದಲು ರೋಗಿಯನ್ನು ವಿಚಾರಿಸಬೇಕು, ಕಣ್ಣನ್ನು ನೋಡಬೇಕು. ಬೇನೆ ಶುರುವಾಗಿ ಎಷ್ಟು ದಿನವಾಯಿತು ಎಂಬುದೇ ಮೊದಲ ಪ್ರಶ್ನೆ. ಕಣ್ಣು ಕೆಂಪಾದ ಏಳು ದಿನಗಳೊಳಗೆ ಮಾಡಿದರೆ ಮಾತ್ರ ಈ ಪರೀಕ್ಷೆಗೆ ಬೆಲೆ. ದಿನ ಕಳೆದಂತೆ ಕಣ್ಣೀರಿನಲ್ಲಿ ವೈರಸ್ಸಿನ ಪ್ರಮಾಣ ಇಳಿಯುವುದರಿಂದ, ಎರಡನೆಯ ವಾರದಲ್ಲಿ ಬಂದ ನೆಗೆಟಿವ್ ಫಲಿತಾಂಶದಿಂದ ಏನನ್ನೂ ಹೇಳಲಾಗದು. ಮನೆಯಲ್ಲಿ, ಶಾಲೆಯಲ್ಲಿ, ಹಾಸ್ಟೆಲಿನಲ್ಲಿ ಬೇರೆಯವರಿಗೂ ಕಣ್ಣು ಬಂದಿದೆಯೇ, ಬೇನೆ ಒಂದು ಕಣ್ಣಿನಲ್ಲಿ ಶುರುವಾಗಿ ಕೆಲವು ದಿನಗಳ ಮೇಲೆ ಇನ್ನೊಂದಕ್ಕೆ ಬಂತೇ, ಗಂಟಲುನೋವು ಇತ್ತೇ ಎಂದು ಕೇಳಬೇಕು. ಕಿವಿಯ ಮುಂಭಾಗದಲ್ಲಿ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಾಗ ಗಂಟು ಸಿಕ್ಕಿ, ಮುಟ್ಟಿದರೆ ನೋಯುವುದಾದರೆ ಅದು ವೈರಸ್ಸಿನ ಕಡೆಗೆ ಬೆರಳು ತೋರಿಸುವ ಲಕ್ಷಣ. ನೀರು ನೀರಾದ ಸ್ರಾವ ವೈರಸ್ಸಿಗೂ, ಒರೆಸಿದಷ್ಟೂ ಮತ್ತೆ ತುಂಬಿಕೊಳ್ಳುವ ಹಳದಿ ಗೀಜು ಬ್ಯಾಕ್ಟೀರಿಯಾಕ್ಕೂ, ತಡೆಯಲಾಗದ ತುರಿಕೆ ಅಲರ್ಜಿಗೂ ಹೆಚ್ಚು ಒಪ್ಪುತ್ತವೆ. ಇವು ಒಲವುಗಳೇ ಹೊರತು ನಿಯಮಗಳಲ್ಲ.

ಕಣ್ಣಿಗೆ ಈಗಾಗಲೇ ಏನು ಹಾಕಿದ್ದಾರೆ ಎಂದು ಕೇಳುವುದನ್ನು ಮರೆಯಬಾರದು. ಮೆಡಿಕಲ್ ಶಾಪಿನಿಂದ ತಂದ ಹನಿ, ಹರಳೆಣ್ಣೆ, ಎದೆಹಾಲು, ಯಾವುದೋ ಎಲೆಯ ರಸ ಎಲ್ಲವೂ ನಮ್ಮಲ್ಲಿ ಕಣ್ಣಿಗೆ ಬೀಳುತ್ತವೆ. ‘ಏನೂ ಹಾಕಿಲ್ಲ ಸಾರ್’ ಎಂದವರೇ ‘ಹನಿ ಬಿಟ್ಟು ಬೇರೆ ಏನಾದರೂ?’ ಎಂದು ಇನ್ನೊಮ್ಮೆ ಕೇಳಿದಾಗ ಹೇಳತೊಡಗುತ್ತಾರೆ. ಹನಿಯಲ್ಲಿ ಸ್ಟಿರಾಯ್ಡ್ ಇತ್ತೇ ಎಂದು ಸೀಸೆಯನ್ನು ತರಿಸಿ ನೋಡುವುದು ಒಳ್ಳೆಯದು. ಏಕೆಂದರೆ ಕೆಂಪು ಬೇಗ ಇಳಿಯಲಿ ಎಂದು ಕೊಡಲಾಗುವ ಜೋಡಿ ಹನಿಗಳಲ್ಲಿ ಅನೇಕ ವೇಳೆ ಅದು ಇರುತ್ತದೆ.

ಕೆಲವರ ವಿಷಯದಲ್ಲಿ ಕಿಟ್‌ನ ಗೊಡವೆಗೇ ಹೋಗಬಾರದು, ನೇರವಾಗಿ ನೇತ್ರತಜ್ಞರ ಬಳಿಗೆ ಕಳಿಸಬೇಕು. ಹುಟ್ಟಿ ಒಂದು ತಿಂಗಳೊಳಗಿನ ಕೂಸಿನ ಕಣ್ಣು ಕೆಂಪಾಗಿ ಕೀವು ಬರುತ್ತಿದ್ದರೆ ಅದು ತುರ್ತು ಪರಿಸ್ಥಿತಿ. ದೃಷ್ಟಿ ಮಂದವಾಗಿದ್ದರೆ, ಬೆಳಕು ನೋಡಲಾಗದಷ್ಟು ನೋವಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಕಲೆ ಕಂಡರೆ, ಪಾಪೆಯ ಆಕಾರ ಕೆಟ್ಟಿದ್ದರೆ, ರೆಪ್ಪೆಯ ಮೇಲೆ ನೀರ್ಗುಳ್ಳೆಗಳು ಎದ್ದಿದ್ದರೆ, ರೋಗಿ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾಗಿದ್ದರೆ ಕಾಯುವಂತಿಲ್ಲ. ಭತ್ತದ ಗರಿಯೋ ಕಬ್ಬಿನ ಸೋಗೆಯೋ ತಾಗಿದ ಮೇಲೆ ಕಣ್ಣು ಕೆಂಪಾಗಿದೆ ಎಂದು ರೈತರೊಬ್ಬರು ಹೇಳಿದರೆ ಅದನ್ನು ಮದ್ರಾಸ್ ಐ ಎಂದು ತಿಳಿಯುವುದು ಅಪಾಯ. ಅಂಥ ಗಾಯದಲ್ಲಿ ಶಿಲೀಂಧ್ರದ ಹುಣ್ಣು ಆಗಿ ಕಣ್ಣೇ ಹೋಗಬಹುದು.

ಕಿಟ್, ಕೋಣೆ, ಕೈ

ಈ ಕಿಟ್‌ಗಳನ್ನು ಸಾಮಾನ್ಯವಾಗಿ 4ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕಾಗುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಕೋಣೆಯ ಕಪಾಟು ಇದಕ್ಕೆ ಸಾಲದು. ಲಸಿಕೆಯ ಫ್ರಿಜ್‌ನಲ್ಲಿ ಇತರ ವಸ್ತುಗಳನ್ನು ಇಡುವಂತಿಲ್ಲವಾದ್ದರಿಂದ ಬೇರೆ ಫ್ರಿಜ್ ಬೇಕು. ಫ್ರೀಜರ್ ಭಾಗದಲ್ಲಿ ಮಾತ್ರ ಇಡಬಾರದು. ತೆಗೆದ ಕೂಡಲೇ ಬಳಸದೆ ಕೋಣೆಯ ಉಷ್ಣತೆಗೆ ಬರುವವರೆಗೆ ಪೊಟ್ಟಣವನ್ನು ಮುಚ್ಚಿಟ್ಟೇ ಕಾಯಬೇಕು. ಅವಧಿ ಮುಗಿದ ದಿನಾಂಕ, ಪೊಟ್ಟಣದಲ್ಲಿ ತೂತು, ತೇವ ಇವುಗಳನ್ನು ನೋಡಿಕೊಂಡು, ರೋಗಿ ಎದುರಿಗೆ ಕುಳಿತ ಮೇಲೆಯೇ ತೆರೆಯಬೇಕು. ಒಂದು ತಯಾರಕರ ಕಿಟ್‌ಗೂ ಇನ್ನೊಂದಕ್ಕೂ ಸಮಯ, ಬಫರಿನ (ಮಾದರಿಯನ್ನು ಪಟ್ಟಿಯುದ್ದಕ್ಕೂ ಒಯ್ಯುವ ದ್ರವದ) ಪ್ರಮಾಣ, ಗೆರೆಗಳ ಬಣ್ಣ ಬೇರೆಯಾಗಿರಬಹುದು. ಮುಂದೆ ಹೇಳಿರುವ ಕ್ರಮ ಅಮೆರಿಕದಲ್ಲಿ ಬಳಕೆಗೆ ಬಂದ ಅಡಿನೋಪ್ಲಸ್ ಮಾದರಿಯ ಕಿಟ್‌ಗೆ ಸಂಬಂಧಿಸಿದ್ದು. ಕೈಯಲ್ಲಿರುವ ಕಿಟ್‌ನ ಸೂಚನಾಪತ್ರ ಬೇರೆ ಹೇಳಿದರೆ ಆ ಪತ್ರವೇ ಪ್ರಮಾಣ.

ಕೋಣೆಯಲ್ಲಿ ಒಳ್ಳೆಯ ಬೆಳಕು, ಸೆಕೆಂಡು ತೋರಿಸುವ ಗಡಿಯಾರ, ಸಮತಟ್ಟಾದ ಮೇಜು, ಮುಚ್ಚಳವಿರುವ ತ್ಯಾಜ್ಯದ ಡಬ್ಬಿ ಇರಬೇಕು. ಮಾದರಿ ತೆಗೆಯುವವರು ಕೈಗಳನ್ನು ಸಾಬೂನು ನೀರಿನಿಂದ ತೊಳೆದು ಗವಸು ಹಾಕಿಕೊಳ್ಳಬೇಕು. ರೋಗಿಯ ಹೆಸರು, ನೋಂದಣಿ ಸಂಖ್ಯೆ, ಯಾವ ಕಣ್ಣು ಎಂಬುದನ್ನು ಕ್ಯಾಸೆಟ್ಟಿನ (ಪಟ್ಟಿಯನ್ನು ಒಳಗೆ ಕೂರಿಸಿರುವ ಪ್ಲಾಸ್ಟಿಕ್ ಕವಚದ) ಮೇಲೆ ಮೊದಲೇ ಬರೆದುಕೊಳ್ಳುವುದು ಲೇಸು. ಜನಸಂದಣಿಯ ದಿನ ಒಂದೇ ಮೇಜಿನ ಮೇಲೆ ಮೂರು ಕ್ಯಾಸೆಟ್ಟುಗಳು ಸಾಲಾಗಿ ಮಲಗಿದ್ದರೆ ಯಾವುದು ಯಾರದೆಂಬುದು ಹತ್ತು ನಿಮಿಷದಲ್ಲಿ ಮರೆತುಹೋಗುತ್ತದೆ.

ಮಾದರಿ ತೆಗೆಯುವುದು

ಇಡೀ ಪರೀಕ್ಷೆಯ ಜೀವ ಇರುವುದು ಈ ಅರ್ಧ ನಿಮಿಷದಲ್ಲಿ. ರೋಗಿ ಕಣ್ಣೀರನ್ನು ಟವೆಲಿನಲ್ಲಿ ಒರೆಸಿಕೊಳ್ಳುತ್ತಿದ್ದಾರೆ, ಕೆನ್ನೆಯ ಮೇಲೂ ಇಳಿಯುತ್ತಿದೆ, ಅದನ್ನೇ ಮುಟ್ಟಿಸಿದರಾಯಿತು ಎಂದುಕೊಳ್ಳುವವರಿದ್ದಾರೆ. ಹಾಗೆ ಮಾಡಿದರೆ ನೆಗೆಟಿವ್ ಬರುವುದು ಬಹುಮಟ್ಟಿಗೆ ಖಚಿತ. ವೈರಸ್ ಬೆಳೆಯುವುದು ಜೀವಕೋಶಗಳ ಒಳಗೆ; ಆದ್ದರಿಂದ ರೆಪ್ಪೆಯ ಒಳಮೈಯ ಕೋಶಗಳೂ ಕಣ್ಣೀರಿನ ಜೊತೆಗೆ ಮಾದರಿಯಲ್ಲಿ ಸೇರಬೇಕು.

ಕಣ್ಣಿಗೆ ಮರಗಟ್ಟಿಸುವ ಹನಿಯಾಗಲಿ, ಹುಣ್ಣು ನೋಡಲು ಹಾಕುವ ಹಳದಿ ಬಣ್ಣವಾಗಲಿ ಹಾಕುವ ಮೊದಲೇ ಮಾದರಿಯನ್ನು ತೆಗೆದುಬಿಡಬೇಕು. ಹನಿಯಿಂದ ಮಾದರಿ ತೆಳುವಾಗುತ್ತದೆ, ಬಣ್ಣದಿಂದ ಗೆರೆ ಓದುವುದು ಕಷ್ಟವಾಗುತ್ತದೆ. ಎರಡೂ ಕಣ್ಣು ಬಂದಿದ್ದರೆ ಹೆಚ್ಚು ಕೆಂಪಾಗಿರುವ ಕಣ್ಣನ್ನು ಆರಿಸಿಕೊಳ್ಳಿ. ಗೀಜು ದಪ್ಪಗೆ ಕಟ್ಟಿದ್ದರೆ ರೆಪ್ಪೆಯ ಅಂಚನ್ನು ಒದ್ದೆ ಹತ್ತಿಯಿಂದ ಒರೆಸಿ, ಆದರೆ ರೆಪ್ಪೆಯೊಳಗೆ ನೀರು ಹಾಕಿ ತೊಳೆಯಬೇಡಿ.

ರೋಗಿಯನ್ನು ತಲೆಗೆ ಆಸರೆಯಿರುವ ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ನೋಡಲು ಹೇಳಬೇಕು. ಎಡಗೈಯ ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಕೆನ್ನೆಯ ಮೂಳೆಯ ಮೇಲೆ ಒತ್ತಿ ಕೆಳಗೆಳೆದರೆ ಒಳಗಿನ ಕೆಂಪು ಮೈ ತೊಟ್ಟಿಲಿನಂತೆ ತೆರೆದುಕೊಳ್ಳುತ್ತದೆ. ಮಾದರಿ ಸಂಗ್ರಾಹಕದ ತುದಿಯಲ್ಲಿ ಬಿಳಿಯ ಮೃದು ಬಟ್ಟೆಯಂಥ ತುಣುಕು ಇರುತ್ತದೆ. ಅದನ್ನು ಈ ಕೆಂಪು ಮೈಗೆ ತಾಗಿಸಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ತಟ್ಟುತ್ತ ಸ್ವಲ್ಪ ಸ್ವಲ್ಪವೇ ಎಳೆಯುತ್ತ ಆರರಿಂದ ಎಂಟು ಬಾರಿ ಮುಟ್ಟಿಸಬೇಕು. ಕೊನೆಗೆ ಒಂದೇ ಕಡೆ ಐದು ಸೆಕೆಂಡು ಒತ್ತಿ ಹಿಡಿಯಬೇಕು. ಕರಿಗುಡ್ಡೆಗೆ ತಾಗಿಸಲೇಬಾರದು. ತುಣುಕು ಒದ್ದೆಯಾಗಿ ಹೊಳೆಯತೊಡಗಿದರೆ, ಅಥವಾ ನಸುಗೆಂಪಾದರೆ, ಮಾದರಿ ಸಾಕಷ್ಟು ಬಂದಿದೆ ಎಂದರ್ಥ. ಇನ್ನೂ ಮಂಕಾಗಿ, ಒಣಗಿದಂತೆ ಕಂಡರೆ ಮತ್ತೆ ಮುಟ್ಟಿಸಿ. ‘ನೋಯುತ್ತದೆ ಬಿಡಿ’ ಎಂದು ರೋಗಿ ಮುಖ ತಿರುಗಿಸಿದ ಕಾರಣಕ್ಕೆ ಅರೆಮನಸ್ಸಿನ ಮಾದರಿಯನ್ನು ಮುಂದಕ್ಕೆ ಒಯ್ಯುವುದಕ್ಕಿಂತ ಪರೀಕ್ಷೆಯನ್ನೇ ಬಿಡುವುದು ವಾಸಿ. ಚಿಕ್ಕ ಮಕ್ಕಳಾದರೆ ತಾಯಿಯ ಮಡಿಲಲ್ಲಿ ಮಲಗಿಸಿ, ಇನ್ನೊಬ್ಬರು ತಲೆಯನ್ನು ಹಿಡಿದುಕೊಂಡರೆ ಕೆಲಸ ಸುಲಭ. ಅಳುವ ಮಗುವಿನ ಕಣ್ಣೀರು ಧಾರಾಳವಾಗಿ ಬಂದು ತುಣುಕು ಒದ್ದೆಯಾದರೂ ಅದು ತೆಳುವಾದ ಕಣ್ಣೀರೇ ಎಂಬುದನ್ನು ನೆನಪಿಟ್ಟು, ರೆಪ್ಪೆಯ ಒಳಮೈಗೆ ತಾಗಿಸುವುದನ್ನು ಪೂರ್ತಿ ಮಾಡಬೇಕು.

ಜೋಡಿಸಿ, ಅದ್ದಿ, ಕಾಯುವುದು

ಸಂಗ್ರಾಹಕವನ್ನು ಕ್ಯಾಸೆಟ್ಟಿನ ಗುರುತು ಮಾಡಿದ ಜಾಗದಲ್ಲಿಟ್ಟು ಗಟ್ಟಿಯಾಗಿ ಒತ್ತಿದಾಗ ‘ಟಿಕ್’ ಎಂದು ಕೂರುತ್ತದೆ. ಈ ಶಬ್ದ ಕೇಳದಿದ್ದರೆ ಮಾದರಿ ಪಟ್ಟಿಗೆ ತಾಗಿಲ್ಲ, ಆದ್ದರಿಂದ ದ್ರವ ಏರಿದರೂ ಪರೀಕ್ಷೆ ನಡೆದಂತಾಗುವುದಿಲ್ಲ. ನಂತರ ಕ್ಯಾಸೆಟ್ಟಿನ ಹೀರುವ ತುದಿಯನ್ನು ಬಫರ್ ಸೀಸೆಯಲ್ಲಿ ಕನಿಷ್ಠ 20 ಸೆಕೆಂಡು ಮುಳುಗಿಸಿ ಹಿಡಿದು, ಹೊರತೆಗೆದು, ಮುಚ್ಚಳ ಹಾಕಿ ಮೇಜಿನ ಮೇಲೆ ಸಮತಟ್ಟಾಗಿ ಇಡಬೇಕು. ಇಲ್ಲಿಂದ ಹತ್ತು ನಿಮಿಷ. ಈ ಹೊತ್ತಿನಲ್ಲಿ ಕ್ಯಾಸೆಟ್ಟನ್ನು ಎತ್ತಿ ತಿರುಗಿಸಿ ನೋಡುವ ಚಪಲವನ್ನು ತಡೆದುಕೊಳ್ಳಬೇಕು.

ಈ ಹತ್ತು ನಿಮಿಷ ಸುಮ್ಮನೆ ಕಳೆಯಬೇಕಿಲ್ಲ. ಕಣ್ಣಿಗೆ ಹಳದಿ ಬಣ್ಣದ ಹನಿ ಹಾಕಿ ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣನ್ನು ಹಿಗ್ಗಿಸಿ ತೋರಿಸುವ ಸೂಕ್ಷ್ಮದರ್ಶಕದಲ್ಲಿ) ಕಾರ್ನಿಯಾ ನೋಡಲು ಇದೇ ಸರಿಯಾದ ಸಮಯ. ಮರದ ರೆಂಬೆಗಳಂತೆ ಕವಲೊಡೆದ ಹುಣ್ಣು ಕಂಡರೆ ಅದು ಹರ್ಪಿಸ್ ವೈರಸ್ಸಿನದು. ಆಗ ಕಿಟ್ ಏನೇ ಹೇಳಲಿ, ಆ ರೋಗಿಗೆ ಸ್ಟಿರಾಯ್ಡ್ ಹನಿ ತಗಲಬಾರದು. ಮೇಲ್ರೆಪ್ಪೆಯನ್ನು ಮಗುಚಿ ನೋಡಿದಾಗ ಬಿಳಿಯ ಪದರವೊಂದು ಅಂಟಿಕೊಂಡಿದ್ದರೆ ಅದು ತೀವ್ರ ಅಡಿನೋವೈರಸ್ ಬೇನೆಯಲ್ಲಿ ಕಾಣಸಿಗುವ ಲಕ್ಷಣ, ಅದನ್ನು ತಜ್ಞರಿಗೆ ತೋರಿಸಬೇಕು.

ಗೆರೆ ಓದುವುದು

ಕ್ಯಾಸೆಟ್ಟಿನ ಕಿಟಕಿಯಲ್ಲಿ ನೀಲಿ ಗೆರೆ ಕಂಟ್ರೋಲಿನದು (ಪರೀಕ್ಷೆ ಸರಿಯಾಗಿ ನಡೆಯಿತು ಎಂದು ತೋರಿಸುವುದು), ಕೆಂಪು ಗೆರೆ ಫಲಿತಾಂಶದ್ದು. ನೀಲಿ ಮಾತ್ರ ಇದ್ದರೆ ನೆಗೆಟಿವ್, ನೀಲಿಯ ಜೊತೆ ಕೆಂಪೂ ಇದ್ದರೆ ಪಾಸಿಟಿವ್. ನೀಲಿಯೇ ಬರದಿದ್ದರೆ ಕೆಂಪು ಇದ್ದರೂ ಇಲ್ಲದಿದ್ದರೂ ಪರೀಕ್ಷೆ ಅಸಿಂಧು. ಹೊಸ ಕಿಟ್‌ನಲ್ಲಿ ಹೊಸ ಮಾದರಿಯಿಂದ ಮತ್ತೆ ಮಾಡಬೇಕು.

ತೊಂದರೆ ಬರುವುದು ಮಸುಕಾದ ಗೆರೆಯಲ್ಲಿ. ಕೆಂಪು ಗೆರೆ ನಸುವಾಗಿರಬಹುದು, ಒಂದು ಬದಿಯಲ್ಲಿ ಮಾತ್ರ ಮೂಡಿ ಇನ್ನೊಂದು ಬದಿಯಲ್ಲಿ ಅಳಿಸಿದಂತಿರಬಹುದು, ಚುಕ್ಕೆಚುಕ್ಕೆಯಾಗಿರಬಹುದು. ಸರಿಯಾದ ಜಾಗದಲ್ಲಿ ಕೆಂಪು ಕಂಡರೆ ಅದು ಪಾಸಿಟಿವ್ ಎಂಬುದೇ ತಯಾರಕರ ಸೂಚನೆ. ಗೆರೆಯ ಗಾಢತೆಗೂ ಬೇನೆಯ ತೀವ್ರತೆಗೂ ಸಂಬಂಧ ಕಟ್ಟಬಾರದು. ಹಳದಿ ಬಲ್ಬಿನ ಕೆಳಗೆ ತೆಳುಗೆಂಪು ಕಾಣಿಸುವುದೇ ಇಲ್ಲ, ಆದ್ದರಿಂದ ಕೋಣೆಯ ಕಿಟಕಿಯ ಬಳಿ ಅಥವಾ ಬಿಳಿ ಬೆಳಕಿನಲ್ಲಿ ಓದಬೇಕು. ಹತ್ತು ನಿಮಿಷವಾದ ಮೇಲೂ ಹಿನ್ನೆಲೆ ಇನ್ನೂ ಬಣ್ಣಬಣ್ಣವಾಗಿ ಬಳಿದಂತಿದ್ದರೆ, ಅದು ತಿಳಿಯಾಗುವವರೆಗೆ ಇನ್ನೈದು ಹತ್ತು ನಿಮಿಷ ಕಾಯಬಹುದು. ಸಾಧ್ಯವಿದ್ದರೆ ಇಬ್ಬರು ಬೇರೆ ಬೇರೆಯಾಗಿ ಓದಿ, ಆಮೇಲೆ ಹೋಲಿಸಿ ನೋಡುವುದು ಒಳ್ಳೆಯ ರೂಢಿ. ಮಧ್ಯಾಹ್ನದ ಊಟ ಮುಗಿಸಿ ಬಂದು ಒಣಗಿದ ಪಟ್ಟಿಯನ್ನು ಓದುವುದು ಕೆಟ್ಟ ರೂಢಿ.

ಫಲಿತಾಂಶವನ್ನು ಎಷ್ಟು ನಂಬಬೇಕು?

2013ರಲ್ಲಿ ಅಮೆರಿಕದಿಂದ ಪ್ರಕಟವಾದ ಅಧ್ಯಯನವೊಂದರಲ್ಲಿ, ವೈರಸ್ಸಿನ ಆನುವಂಶಿಕ ವಸ್ತುವನ್ನೇ ಹುಡುಕುವ ಪ್ರಯೋಗಾಲಯ ಪರೀಕ್ಷೆಯಾದ ಪಿಸಿಆರ್‌ಗೆ ಹೋಲಿಸಿದಾಗ, ಈ ಕಿಟ್ ಅಡಿನೋವೈರಸ್ ಇದ್ದವರಲ್ಲಿ ಶೇಕಡಾ 85ರಷ್ಟು ಜನರನ್ನು ಗುರುತಿಸಿತು. ಇಲ್ಲದವರಲ್ಲಿ ಶೇಕಡಾ 98ರಷ್ಟು ಜನರಿಗೆ ಸರಿಯಾಗಿ ನೆಗೆಟಿವ್ ಹೇಳಿತು. ಎರಡು ವರ್ಷಗಳ ಮೇಲೆ, 2015ರಲ್ಲಿ, ಲಂಡನ್ನಿನ ಕಣ್ಣಿನ ತುರ್ತು ವಿಭಾಗವೊಂದರಿಂದ ಬಂದ ಅಧ್ಯಯನದಲ್ಲಿ ಮೊದಲ ಅಂಕಿ ಸುಮಾರು ಶೇಕಡಾ 40ಕ್ಕೆ ಕುಸಿದಿತ್ತು, ಎರಡನೆಯದು ಮಾತ್ರ ಶೇಕಡಾ 95ರ ಆಸುಪಾಸಿನಲ್ಲಿಯೇ ಉಳಿದಿತ್ತು. ಕಿಟ್ ಅದೇ, ಪ್ರೋಟೀನು ಅದೇ. ರೋಗಿ ಎಷ್ಟನೆಯ ದಿನ ಬಂದರು, ಯಾರನ್ನು ಆರಿಸಿಕೊಂಡರು, ಮಾದರಿಯನ್ನು ಎಷ್ಟು ಚೆನ್ನಾಗಿ ತೆಗೆದರು ಎಂಬುದರ ಮೇಲೆ ಮೊದಲ ಅಂಕಿ ಏರಿಳಿಯಬಲ್ಲುದು. ಎರಡು ಅಧ್ಯಯನಗಳೂ ಒಪ್ಪುವ ಸಂಗತಿಯೆಂದರೆ, ಪಾಸಿಟಿವ್ ಬಂದರೆ ಹೆಚ್ಚಾಗಿ ನಂಬಬಹುದು.

ಲೆಕ್ಕಕ್ಕೆ ಸುಮ್ಮನೆ ನೂರು ರೋಗಿಗಳನ್ನು ಇಟ್ಟುಕೊಳ್ಳೋಣ, ಅವರಲ್ಲಿ 60 ಮಂದಿಗೆ ನಿಜವಾಗಿಯೂ ಅಡಿನೋವೈರಸ್ ಇದೆ ಎನ್ನೋಣ. ಮೊದಲ ಅಧ್ಯಯನದ ಅಂಕಿಗಳ ಪ್ರಕಾರ 52 ಮಂದಿಗೆ ಪಾಸಿಟಿವ್ ಬರುತ್ತದೆ, ಅವರಲ್ಲಿ 51 ಮಂದಿಗೆ ನಿಜವಾಗಿಯೂ ವೈರಸ್ ಇದೆ. ನೆಗೆಟಿವ್ ಬಂದ 48 ಮಂದಿಯಲ್ಲಿ 9 ಮಂದಿ ತಪ್ಪಿಸಿಕೊಂಡವರು. ಎರಡನೆಯ ಅಧ್ಯಯನದ ಅಂಕಿಗಳನ್ನು ಹಾಕಿದರೆ ಪಾಸಿಟಿವ್ ಬಂದ 26 ಮಂದಿಯಲ್ಲಿ 24 ಮಂದಿ ನಿಜವಾದ ರೋಗಿಗಳು, ಆದರೆ ನೆಗೆಟಿವ್ ಬಂದ 74 ಮಂದಿಯಲ್ಲಿ 36 ಮಂದಿ ವೈರಸ್ ಹೊತ್ತುಕೊಂಡೇ ಮನೆಗೆ ಹೋಗುತ್ತಾರೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಇಂಥ ನೆಗೆಟಿವ್ ಚೀಟಿಯನ್ನು ಹಿಡಿದು ಶಾಲೆಗೋ ಕಾರ್ಖಾನೆಗೋ ಹೋಗಲು ಅನುಮತಿ ಕೊಡುವುದು ಸರಿಯಲ್ಲ.

ಇನ್ನು 2023ರ ಮಳೆಗಾಲದ ಕಡೆ ನೋಡಬೇಕು. ಆ ವರ್ಷ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕರ್ನಾಟಕವೂ ಸೇರಿದಂತೆ ದೇಶದ ಬಹುಭಾಗದಲ್ಲಿ ಕಣ್ಣುಬೇನೆ ಹಬ್ಬಿತು. ಜನ ಅದನ್ನೂ ಮದ್ರಾಸ್ ಐ ಎಂದೇ ಕರೆದರು. ಪುಣೆ, ಹೈದರಾಬಾದ್‌ಗಳಲ್ಲಿ ಪಿಸಿಆರ್ ಮತ್ತು ಜೀನೋಮ್ ಪರೀಕ್ಷೆಗಳಿಗೆ ಒಳಪಡಿಸಿದ ಮಾದರಿಗಳಲ್ಲಿ ಮುಖ್ಯವಾಗಿ ಸಿಕ್ಕಿದ್ದು ಕಾಕ್ಸಾಕಿವೈರಸ್ ಎ24. ಎಂಟೆರೋವೈರಸ್ಸುಗಳ ಗುಂಪಿಗೆ ಸೇರಿದ, 1970ರಲ್ಲಿ ಸಿಂಗಪುರದಲ್ಲಿ ಮೊದಲು ಗುರುತಿಸಲಾದ ವೈರಸ್ಸು ಅದು. ಅದಕ್ಕೆ ಹಿಂದಿನ ವರ್ಷ, 1969ರಲ್ಲಿ, ಆಫ್ರಿಕದ ಘಾನಾದಲ್ಲಿ ಇದೇ ಬಗೆಯ ಬೇನೆ ಕಾಣಿಸಿಕೊಂಡಾಗ, ಅಮೆರಿಕದ ಅಪೊಲೊ 11 ಯಾನದಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದ ಸುದ್ದಿ ಹೊಸದಾಗಿದ್ದ ಕಾರಣ, ಜನ ಅದಕ್ಕೆ ಅಪೊಲೊ ರೋಗ ಎಂದು ಹೆಸರಿಟ್ಟರು. ಇಂಥ ವರ್ಷದಲ್ಲಿ ನೂರು ಮಂದಿಯಲ್ಲಿ ಐವರಿಗೆ ಮಾತ್ರ ಅಡಿನೋವೈರಸ್ ಇದೆ ಎಂದಿಟ್ಟುಕೊಂಡರೆ, ಕಿಟ್ ಅತ್ಯುತ್ತಮವಾಗಿ ಕೆಲಸ ಮಾಡಿದರೂ ಸುಮಾರು ಆರು ಪಾಸಿಟಿವ್ ಬರುತ್ತವೆ, ಅವುಗಳಲ್ಲಿ ಎರಡು ಸುಳ್ಳು. ಉಳಿದ 94 ಮಂದಿಯ ಕೈಗೆ ನೆಗೆಟಿವ್ ಸಿಗುತ್ತದೆ, ಅವರಲ್ಲಿ ಬಹುತೇಕ ಎಲ್ಲರದೂ ಅಂಟುವ ಬೇನೆಯೇ. ಕಿಟ್ ಕೊಳ್ಳುವ ಮುನ್ನ ಊರಿನಲ್ಲಿ ಈಗ ಯಾವ ವೈರಸ್ ಓಡಾಡುತ್ತಿದೆ ಎಂದು ವಿಚಾರಿಸಬೇಕು ಎನ್ನುವುದು ಇದಕ್ಕೇ.

ಪ್ರಯೋಗಾಲಯದ ಉತ್ತರ ಬರುವ ಮೊದಲು ರೋಗದ ನಡೆಯೇ ಸ್ವಲ್ಪ ಸುಳಿವು ಕೊಡುತ್ತದೆ. ಎಂಟೆರೋವೈರಸ್ ಗುಂಪಿನದಾದರೆ ಸೋಂಕು ತಗುಲಿದ ಒಂದೆರಡು ದಿನದಲ್ಲೇ ಎರಡೂ ಕಣ್ಣುಗಳು ಧುತ್ತೆಂದು ಕೆಂಪಾಗುತ್ತವೆ, ಬಿಳಿಗುಡ್ಡೆಯ ಮೇಲೆ ರಕ್ತದ ಚುಕ್ಕೆಗಳೋ ಕಲೆಗಳೋ ಕಾಣುತ್ತವೆ, ಮತ್ತು ಬೇನೆ ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ಅಡಿನೋವೈರಸ್ಸಾದರೆ ಸೋಂಕು ತಗುಲಿ ಐದರಿಂದ ಹನ್ನೆರಡು ದಿನಗಳ ಮೇಲೆ ಶುರುವಾಗಿ, ಎರಡು ಮೂರು ವಾರ ಎಳೆಯುತ್ತದೆ, ಕೆಲವರಲ್ಲಿ ಕಾರ್ನಿಯಾದಲ್ಲಿ ಮಚ್ಚೆಗಳನ್ನು ಬಿಟ್ಟು ಹೋಗುತ್ತದೆ.

ಪಾಸಿಟಿವ್ ಬಂದರೆ

ಆ್ಯಂಟಿಬಯಾಟಿಕ್ ಹನಿ ಬೇಕಿಲ್ಲ ಎಂದು ಧೈರ್ಯವಾಗಿ ಹೇಳಲು ಈ ಗೆರೆ ಆಧಾರ ಕೊಡುತ್ತದೆ. ನನ್ನ ದೃಷ್ಟಿಯಲ್ಲಿ ಕಿಟ್‌ನ ಅತಿ ದೊಡ್ಡ ಉಪಯೋಗ ಇದೇ. ಬರಿಗೈಯಲ್ಲಿ ಕಳಿಸಿದರು ಎಂದು ಬೇಸರಿಸುವ ರೋಗಿಗೆ ಕ್ಯಾಸೆಟ್ಟಿನ ಎರಡು ಗೆರೆಗಳನ್ನು ತೋರಿಸಿ ವಿವರಿಸಿದರೆ ಮಾತು ಬೇಗ ಮನಸ್ಸಿಗೆ ಇಳಿಯುತ್ತದೆ. ತಣ್ಣೀರಿನ ಬಟ್ಟೆ ಇಡುವುದು, ಕೃತಕ ಕಣ್ಣೀರಿನ ಹನಿ, ನೋವಿದ್ದರೆ ಪ್ಯಾರಾಸಿಟಮಾಲ್ ಇಷ್ಟೇ ಸಾಕು. ಟವೆಲು, ದಿಂಬು, ಸೋಪು, ಕಾಡಿಗೆ, ಕಣ್ಣಿನ ಹನಿ ಎಲ್ಲವೂ ಬೇರೆಯಾಗಿರಬೇಕು. ಹತ್ತರಿಂದ ಹದಿನಾಲ್ಕು ದಿನ, ಕೆಂಪೂ ನೀರೂ ನಿಲ್ಲುವವರೆಗೆ, ಬೇರೆಯವರಿಗೆ ಅಂಟಬಹುದು. ಆಸ್ಪತ್ರೆಯ ಸಿಬ್ಬಂದಿಗೇ ಬಂದರೆ ರೋಗಿಗಳ ಸಂಪರ್ಕದ ಕೆಲಸದಿಂದ ಅವರನ್ನು ಈ ಅವಧಿಗೆ ಬಿಡಿಸಬೇಕು.

ಸ್ಟಿರಾಯ್ಡ್ ಹನಿ ಹಾಕಿದರೆ ಕಣ್ಣು ತಕ್ಷಣ ಹಗುರಾಗುತ್ತದೆ, ಆದರೆ ವೈರಸ್ ಕಣ್ಣಿನಲ್ಲಿ ಉಳಿಯುವ ಅವಧಿ ಅದರಿಂದ ಹೆಚ್ಚಬಹುದು. ರೆಪ್ಪೆಯೊಳಗೆ ಪದರ ಕಟ್ಟಿದವರಿಗೆ, ಕಾರ್ನಿಯಾದ ಮಚ್ಚೆಗಳಿಂದ ದೃಷ್ಟಿ ಮಬ್ಬಾದವರಿಗೆ ಅದು ಬೇಕಾದೀತು. ಅದನ್ನು ನಿರ್ಧರಿಸಬೇಕಾದವರು ನೇತ್ರತಜ್ಞರು, ಔಷಧದಂಗಡಿಯವರಲ್ಲ. ಎರಡು ವಾರದ ಮೇಲೂ ಬೆಳಕು ಚುಚ್ಚಿದರೆ, ದೀಪದ ಸುತ್ತ ಬಳೆ ಕಂಡರೆ ಮತ್ತೆ ಬರಬೇಕೆಂದು ಚೀಟಿಯಲ್ಲೇ ಬರೆದು ಕೊಡಬೇಕು.

ನೆಗೆಟಿವ್ ಬಂದರೆ

ರೋಗಿಯನ್ನು ಮತ್ತೆ ಮೊದಲಿನಿಂದ ನೋಡಬೇಕು. ಮನೆಯಲ್ಲಿ ಮೂವರಿಗೆ ಕಣ್ಣು ಬಂದಿದ್ದು, ನೀರು ಸುರಿಯುತ್ತಿದ್ದು, ಕಿವಿಯ ಮುಂದೆ ಗಂಟು ಸಿಕ್ಕಿದ್ದರೆ ಕಿಟ್‌ನ ಮಾತಿಗಿಂತ ಈ ಲಕ್ಷಣಗಳ ಮಾತೇ ಮೇಲು. ಪಾಸಿಟಿವ್ ಬಂದವರಿಗೆ ಹೇಳುವ ಎಚ್ಚರಿಕೆಗಳನ್ನೇ ಇವರಿಗೂ ಹೇಳಬೇಕು. ಗೀಜು ದಪ್ಪವಾಗಿದ್ದರೆ ಬ್ಯಾಕ್ಟೀರಿಯಾಕ್ಕೆ ಚಿಕಿತ್ಸೆ ಕೊಡುವುದು ಸರಿ. ‘ನೆಗೆಟಿವ್ ಬಂತು, ಆದ್ದರಿಂದ ಆ್ಯಂಟಿಬಯಾಟಿಕ್’ ಎಂಬ ನೇರ ತರ್ಕ ಮಾತ್ರ ಸರಿಯಲ್ಲ. ಎರಡು ಮೂರು ದಿನಗಳಲ್ಲಿ ಇಳಿಯದಿದ್ದರೆ ತಜ್ಞರಿಗೆ ತೋರಿಸಬೇಕು.

ಪಿಸಿಆರ್‌ಗೆ ಕಳಿಸಬೇಕಾದ ಸಂದರ್ಭಗಳೂ ಇವೆ: ಒಂದು ಹಾಸ್ಟೆಲಿನಲ್ಲಿ ಒಟ್ಟಿಗೆ ಹಲವರಿಗೆ ಬಂದಾಗ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ನಂತರ ಹರಡಿದಾಗ, ಅಥವಾ ಬೇನೆಯ ನಡೆ ವಿಚಿತ್ರವಾಗಿದ್ದಾಗ. ಅದಕ್ಕೆ ಮರದ ಕಡ್ಡಿಯ ಹತ್ತಿ ಸ್ವಾಬ್ ಬಳಸದೆ ಡೇಕ್ರಾನ್ ಅಥವಾ ನೈಲಾನ್ ತುದಿಯ ಸ್ವಾಬಿನಿಂದ ಮೇಲೆ ಹೇಳಿದಂತೆಯೇ ಕೆಳರೆಪ್ಪೆಯ ಒಳಮೈಯಿಂದ ಮಾದರಿ ತೆಗೆದು, ವೈರಸ್ ಸಾಗಣೆ ದ್ರಾವಣದಲ್ಲಿ ಮುಳುಗಿಸಿ, 2ರಿಂದ 8 ಡಿಗ್ರಿಯಲ್ಲಿ ಸಾಗಿಸಬೇಕು. ಬೇಡಿಕೆಪತ್ರದಲ್ಲಿ ‘ಅಡಿನೋವೈರಸ್ ಮತ್ತು ಎಂಟೆರೋವೈರಸ್’ ಎರಡನ್ನೂ ಬರೆಯಬೇಕು. ಒಂದನ್ನೇ ಬರೆದರೆ ಪ್ರಯೋಗಾಲಯ ಹುಡುಕುವುದೂ ಒಂದನ್ನೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವೈರಾಣು ಪ್ರಯೋಗಾಲಯ ಜಾಲದ ಕೇಂದ್ರಗಳು ರಾಜ್ಯದಲ್ಲಿ ಇವೆ, ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕವೂ ಬೆಂಗಳೂರಿನಲ್ಲಿದೆ. ಜಿಲ್ಲಾ ಸರ್ವೇಕ್ಷಣಾ ಘಟಕದ ಮೂಲಕ ಹೋಗುವುದು ಸರಿಯಾದ ದಾರಿ.

ಮುಗಿದ ಮೇಲಿನ ಕೆಲಸ

ಅಡಿನೋವೈರಸ್ಸಿಗೆ ಕೊಬ್ಬಿನ ಹೊರಪದರವಿಲ್ಲ. ಆದಕಾರಣ ಅದು ಒಣ ಮೇಜಿನ ಮೇಲೂ ವಾರಗಟ್ಟಲೆ ಜೀವ ಹಿಡಿದಿರಬಲ್ಲದು, ಮತ್ತು ಕೈಗೆ ಹಚ್ಚುವ ಸ್ಯಾನಿಟೈಜರನ್ನೂ ಸ್ಪಿರಿಟನ್ನೂ ಅದರ ವಿರುದ್ಧ ನೆಚ್ಚಿಕೊಳ್ಳುವಂತಿಲ್ಲ. ಕೈಯನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆಯುವುದೇ ದಾರಿ. ಕಣ್ಣಿನ ಒತ್ತಡ ಅಳೆಯುವ ಟೋನೋಮೀಟರಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಮುಂದಿನ ರೋಗಿಗೆ ಬಳಸುವ ಅಭ್ಯಾಸ ಅಲ್ಲಲ್ಲಿ ಇನ್ನೂ ಇದೆ. ಕಣ್ಣಿನ ಆಸ್ಪತ್ರೆಯಿಂದಲೇ ಬೇನೆ ಹಬ್ಬಲು ಅಂಥ ಒಂದು ತುದಿ ಸಾಕು. ಶೇಕಡಾ 5ರ ಹೈಪೋಕ್ಲೋರೈಟ್ ಒಂದು ಭಾಗಕ್ಕೆ ಒಂಬತ್ತು ಭಾಗ ನೀರು ಸೇರಿಸಿದರೆ ಶೇಕಡಾ 0.5ರ ದ್ರಾವಣ ಸಿಗುತ್ತದೆ. ತುದಿಯನ್ನು ಅದರಲ್ಲಿ 5ರಿಂದ 10 ನಿಮಿಷ ಮುಳುಗಿಸಿ, ಬಳಿಕ ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು ಒಣಗಿಸಬೇಕು. ತೊಳೆಯದೆ ಬಿಟ್ಟರೆ ಆ ದ್ರಾವಣವೇ ಮುಂದಿನ ರೋಗಿಯ ಕಾರ್ನಿಯಾವನ್ನು ಸುಡುತ್ತದೆ. ದ್ರಾವಣವನ್ನು ದಿನವೂ ಹೊಸದಾಗಿ ಮಾಡಿಕೊಳ್ಳಬೇಕು. ಸ್ಲಿಟ್ ಲ್ಯಾಂಪಿನ ಗದ್ದದ ಆಸರೆ, ಕುರ್ಚಿಯ ಕೈಗಳು, ಬಾಗಿಲ ಹಿಡಿಕೆಗಳನ್ನೂ ಇದೇ ದ್ರಾವಣದಿಂದ ಒರೆಸಬಹುದು. ಕಣ್ಣೀರು ತಾಗಿದ ಸ್ವಾಬು, ಹತ್ತಿಗಳು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಹಳದಿ ಚೀಲಕ್ಕೆ, ಗವಸು ಕೆಂಪು ಚೀಲಕ್ಕೆ.

ದಾಖಲೆಯಲ್ಲಿ ‘ಮದ್ರಾಸ್ ಐ ಪಾಸಿಟಿವ್’ ಎಂದು ಬರೆಯುವುದು ಸಾಲದು. ಕಿಟ್‌ನ ಹೆಸರು, ಬ್ಯಾಚ್ ಸಂಖ್ಯೆ, ಯಾವ ಕಣ್ಣು, ಬೇನೆಯ ಎಷ್ಟನೆಯ ದಿನ, ಗೆರೆ ಓದಿದ ಸಮಯ, ಓದಿದವರ ಸಹಿ ಇಷ್ಟೂ ಇರಬೇಕು. ನೆಗೆಟಿವ್ ಬಂದಲ್ಲಿ ‘ಅಡಿನೋವೈರಸ್ ಆ್ಯಂಟಿಜೆನ್ ಪತ್ತೆಯಾಗಿಲ್ಲ, ಇತರ ವೈರಸ್ಸುಗಳನ್ನು ಪರೀಕ್ಷಿಸಿಲ್ಲ’ ಎಂಬ ಪೂರ್ತಿ ವಾಕ್ಯವನ್ನೇ ಬರೆಯಬೇಕು. ರಜೆ ಚೀಟಿ ಕೇಳುವ ಶಾಲೆಯವರೂ ಕಚೇರಿಯವರೂ ಓದುವುದು ಈ ಸಾಲನ್ನೇ, ಮತ್ತು ರೋಗಿ ಮರುದಿನವೇ ಕೆಲಸಕ್ಕೆ ಬರಬೇಕೋ ಬೇಡವೋ ಎಂಬುದನ್ನು ಅವರು ತೀರ್ಮಾನಿಸುವುದೂ ಅದರ ಮೇಲೆಯೇ.